ಹದಿಮೂರನೇ ಸೆಗ್ಮೆಂಟಿನ ಎಡಬದಿ

ಅಳತೆ ಬೆಳಿಗ್ಗೆ ಆರೂವರೆಯೊಳಗೆ ಮುಗಿಯಬೇಕು. ಗುಮ್ಮಘಟ್ಟದ ರಸ್ತೆಯಲ್ಲಿದ್ದ ಆ ಯಾರ್ಡಿಗೆ ಸೇರಿದ ದಿನ ನಾನು ಕಲಿತ ಮೊದಲ ನಿಯಮ ಅದು. ಬಿಸಿಲು ಏರಿತೆಂದರೆ ಕಾಂಕ್ರೀಟಿನ ಮೇಲ್ಭಾಗ ಕಾದು ಹಿಗ್ಗುತ್ತದೆ, ನೆರಳಲ್ಲಿರುವ ಕೆಳಭಾಗ ಹಿಗ್ಗುವುದಿಲ್ಲ. ಅರವತ್ತು ಟನ್ನಿನ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ತೆಗೆದ ಅಳತೆಯಲ್ಲಿ ಅರ್ಧ ಬಿಸಿಲಿನದೇ ಇರುತ್ತದೆ.

ನಾವು ಮಾಡುತ್ತಿದ್ದುದು ಹಗರಿ ಹೊಳೆಯ ಮೇಲಿನ ದೊಡ್ಡ ಸೇತುವೆಯ ತುಂಡುಗಳು. ಯಾರ್ಡಿನಲ್ಲಿ ಎಲ್ಲರೂ ಸೆಗ್ಮೆಂಟು ಎನ್ನುತ್ತಿದ್ದರು. ಒಂದೊಂದೂ ಮೂರು ಮೀಟರ್ ಉದ್ದ. ಒಳಗೆ ಟೊಳ್ಳು, ಆಳು ನಿಂತು ನಡೆಯುವಷ್ಟು ಎತ್ತರ. ಹೊಳೆಯಲ್ಲಿ ಎರಡು ಕಂಬ. ಎರಡರ ತಲೆಯಿಂದಲೂ ಸೆಗ್ಮೆಂಟಿಗೆ ಸೆಗ್ಮೆಂಟು ಜೋಡಿಸುತ್ತ ಎರಡು ತೋಳುಗಳನ್ನು ಎದುರುಬದುರಾಗಿ ಚಾಚಬೇಕು. ನಡುನೀರಿನ ಮೇಲೆ ಅವು ಒಂದನ್ನೊಂದು ಮುಟ್ಟಬೇಕು. ಒಂದು ತೋಳಿಗೆ ಹದಿನೆಂಟು ಸೆಗ್ಮೆಂಟು.

ಇವನ್ನು ಇಟ್ಟಿಗೆಯಂತೆ ಒಂದೇ ಅಚ್ಚಿನಿಂದ ಬೇರೆಬೇರೆಯಾಗಿ ತೆಗೆಯುವುದಿಲ್ಲ. ನಿನ್ನೆ ಹೊಯ್ದ ಸೆಗ್ಮೆಂಟನ್ನೇ ಇವತ್ತಿನ ಅಚ್ಚಿನ ಒಂದು ಗೋಡೆಯಾಗಿ ನಿಲ್ಲಿಸುತ್ತೇವೆ. ಅಂಟಿಕೊಳ್ಳದಂತೆ ಅದರ ಮುಖಕ್ಕೆ ಸೋಪು ಮತ್ತು ಟಾಲ್ಕ್ ಪುಡಿ ಕಲಸಿದ ಲೇಪ ಹಚ್ಚಿ, ಅದಕ್ಕೆ ಒತ್ತಿಕೊಂಡಂತೆ ಹೊಸದನ್ನು ಹೊಯ್ಯುತ್ತೇವೆ. ಹೀಗಾಗಿ ಹನ್ನೆರಡನೆಯದು ಹನ್ನೊಂದನೆಯದಕ್ಕೆ ಮಾತ್ರ ಕೂರುತ್ತದೆ, ಲೋಕದ ಬೇರಾವ ತುಂಡಿಗೂ ಕೂರುವುದಿಲ್ಲ. ಹೊಯ್ಯುವಾಗ ಒಂದು ಸೆಗ್ಮೆಂಟು ಒಂದೆರಡು ಮಿಲಿಮೀಟರ್ ವಾಲಿದರೆ ಮಾರನೆಯ ಬೆಳಿಗ್ಗೆ ಅದನ್ನು ಅಳೆದು, ಮುಂದಿನದನ್ನು ಅಷ್ಟೇ ವಿರುದ್ಧ ದಿಕ್ಕಿಗೆ ವಾಲಿಸಿ ಸರಿದೂಗಿಸಬೇಕು. ಆ ಲೆಕ್ಕ ನನ್ನ ಕೆಲಸ. ನಾನು ಶಶಿಧರ. ಮಡಕಶಿರಾ ಕಡೆಯ ಹಿಪ್ಪುನೇರಳೆ ಬೆಳೆಯುವ ಮನೆಯವನು, ಹಿಂದೂಪುರದಲ್ಲಿ ಬಿ.ಎಸ್ಸಿ. ಓದಿದವನು.

ಯಾರ್ಡಿನಲ್ಲಿ ಅಚ್ಚು ಕೂರಿಸಿ ಎರಕ ಹೊಯ್ಯುವ ಕಟ್ಟೆಗಳು, ಅಂದರೆ ಬೆಡ್ಡುಗಳು, ಎರಡಿದ್ದವು, ಒಂದೊಂದು ತೋಳಿಗೆ ಒಂದೊಂದು. ಬೆಳಗಿನ ಅಳತೆ ಎರಡರಲ್ಲೂ ಒಂದೇ ಹೊತ್ತಿಗೆ ಆಗಬೇಕಾದ್ದರಿಂದ ನಾನೊಬ್ಬನೇ ಸಾಲುತ್ತಿರಲಿಲ್ಲ. ಎರಡನೇ ಬೆಡ್ಡನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ಹತ್ತು ಸೆಗ್ಮೆಂಟು ಮುಗಿಸಿ ಹೈದರಾಬಾದಿನ ಮೆಟ್ರೋ ಕೆಲಸಕ್ಕೆ ಹೊರಟುಬಿಟ್ಟ. ಅವನ ಜಾಗಕ್ಕೆ ನಾನು ಕೃಷ್ಣವೇಣಿಯ ಹೆಸರು ಹೇಳಿದೆ.

ಆಕೆ ಗುಮ್ಮಘಟ್ಟದ ಕುರಿ ಸಾಕುವ ಮನೆಯವಳು. ಏಳು ವರ್ಷ ಬೆಂಗಳೂರಿನ ಗಾರ್ಮೆಂಟಿನಲ್ಲಿದ್ದು, ಆಮೇಲೆ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಮೇಜಿಗೆ ಬಂದವಳು. ಯೂನಿಟ್ಟು ಮುಚ್ಚಿದ ಮೇಲೆ ಇನ್ನೂ ಮೂವರನ್ನು ಕರೆದುಕೊಂಡು ಯಾರ್ಡಿಗೆ ಸೇರಿದ್ದಳು. ಮೊದಲು ಲೇಪ ಹಚ್ಚುವ ಕೆಲಸ. ಒಮ್ಮೆ ಕಬ್ಬಿಣದ ಪಂಜರದ ಮುಂದೆ ನಿಂತು, ಟೇಪು ಹಿಡಿಯದೆ, "ಈ ಸರಳು ಅರ್ಧ ಇಂಚು ಈ ಕಡೀಗ್ ಬಂದೈತ್ರಿ" ಎಂದಳು. ಅಳೆದೆ. ಹನ್ನೆರಡು ಮಿಲಿಮೀಟರ್ ಬಂದಿತ್ತು.

ಪ್ರಾಜೆಕ್ಟ್ ಮ್ಯಾನೇಜರ್ ನರಸಿಂಹಯ್ಯನವರಿಗೆ ನನ್ನ ಮಾತು ಹಿಡಿಸಲಿಲ್ಲ. "ಪ್ಯಾಂಟಿನ ಹೊಲಿಗೆ ನೋಡಿದ ಕಣ್ಣಪ್ಪಾ ಅದು. ಸರೇ, ಈ ತೋಳು ಮುಗಿಯೋ ತನಕ ನೋಡೋಣ. ಒಂದು ತಪ್ಪಾದ್ರೆ ನಾಲ್ಕೂ ಜನ ಮನೆಗೆ" ಎಂದರು.

ಕೃಷ್ಣವೇಣಿಗೆ ಆ 'ಮನೆಗೆ' ಎಂದರೆ ದುಡಿಯಲು ಮತ್ತೆ ಬೆಂಗಳೂರು. ಆ ಏಳು ವರ್ಷ ಅಜ್ಜಿಯ ಹತ್ತಿರ ಬೆಳೆದ ಮಗಳು ಈಗ ಏಳನೇ ಕ್ಲಾಸು. ತಾಯಿಯನ್ನು "ಅವ್ವ" ಎನ್ನುವುದಕ್ಕೇ ಒಂದು ವರ್ಷ ಹಿಡಿಯಿತೆಂದು ಆಕೆ ಒಮ್ಮೆ ಹೇಳಿದ್ದಳು. "ಇನ್ನೊಂದ್ ಸಲ ಹೋದ್ರ ಆ ಹುಡುಗಿ ನನಗ ಸಿಗಂಗಿಲ್ರಿ."

ಕೆಲಸ ಕಲಿಯಲು ಆಕೆಗೆ ಎರಡೇ ದಿನ ಸಾಕಾಯಿತು. ಸೆಗ್ಮೆಂಟಿನ ತಲೆಯ ಮೇಲೆ ಆ ಬದಿಗೆರಡು, ಈ ಬದಿಗೆರಡು ಬೋಲ್ಟು ಹುಗಿದಿರುತ್ತೇವೆ. ಜೊತೆಯವಳು ಒಂದೊಂದರ ಮೇಲೂ ಅಳತೆಕೋಲು ನಿಲ್ಲಿಸುತ್ತಾಳೆ. ಬೆಡ್ಡಿನ ಎದುರಿನ ಅಟ್ಟಣಿಗೆಯ ಮೇಲೆ ಮಟ್ಟ ನೋಡುವ ದುರ್ಬೀನು. ಅದರಲ್ಲಿ ಓದಿ ಹಾಳೆಯಲ್ಲಿ ಎಡ, ಬಲ ಎಂಬ ಎರಡು ಕಾಲಮ್ಮಿನಲ್ಲಿ ಬರೆಯಬೇಕು. ಆಕೆಯ ಅಂಕಿಗಳು ಅಚ್ಚು ಹಾಕಿದಂತಿದ್ದವು. ಪ್ರತಿ ಬೋಲ್ಟನ್ನೂ ಮೂರು ಸಲ ಓದುತ್ತಿದ್ದಳು. ಹಾಳೆ ನನ್ನ ಕೈಸೇರಿದ ಮೇಲೆ ಸಂಜೆ ನಾನೇ ನಿಂತು ಮುಂದಿನ ಎರಕಕ್ಕೆ ವಾಲುವಿಕೆ ಹೊಂದಿಸುತ್ತಿದ್ದೆ.

ಹನ್ನೊಂದನೇ ಸೆಗ್ಮೆಂಟು: ಬಲಬದಿ ಎರಡು ಮಿಲಿಮೀಟರ್ ಎತ್ತರ. ಮುಂದಿನದಕ್ಕೆ ಬಲವನ್ನು ಎರಡು ಇಳಿಸಿದೆ. ಹನ್ನೆರಡನೆಯದು: ಬಲ ಐದು ಎತ್ತರ. ಐದು ಇಳಿಸಿದೆ. ಹದಿಮೂರನೆಯದು: ಬಲ ಹನ್ನೊಂದು ಎತ್ತರ.

ಅನುಮತಿ ಇದ್ದುದು ಐದು ಮಿಲಿಮೀಟರಿಗೆ.

ಕೈಮುಟ್ಟಿದಷ್ಟೂ ತಪ್ಪು ಬೆಳೆಯುತ್ತಿದ್ದರೆ, ಕೈ ತಪ್ಪು ದಿಕ್ಕಿಗೆ ಹೋಗುತ್ತಿದೆ ಎಂದರ್ಥ. ವಿಜ್ಞಾನ ಓದಿದವನಿಗೆ ಇದು ಮೊದಲ ನೋಟಕ್ಕೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಲೆಕ್ಕವನ್ನು ಐದು ಸಲ ತಿರುವಿ ನೋಡಿದೆ, ಸರಿಯಿತ್ತು. ಆಕೆಯ ಓದನ್ನು ಅನುಮಾನಿಸಲು ಕಾರಣವೇ ಇರಲಿಲ್ಲ. ಹಾಗಾದರೆ ಬೆಡ್ಡಿನ ಬುಡದ ಎರೆಮಣ್ಣು ಒಂದು ಕಡೆ ಕುಸಿಯುತ್ತಿದೆ ಎಂದು ತೀರ್ಮಾನಿಸಿ, ಹಾಗೆಂದೇ ವರದಿ ಬರೆದೆ.

ಬೆಡ್ಡು ಕಟ್ಟಿಸಿದವರು ಫೋರ್ಮನ್ ಕೊಟ್ರಬಸಪ್ಪ. ಮೂವತ್ತು ವರ್ಷ ಅಣೆಕಟ್ಟು, ಕಾಲುವೆ, ಸೇತುವೆಗಳಲ್ಲಿ ಕಳೆದವರು. ವರದಿಯ ಸುದ್ದಿ ಕೇಳಿ ನನ್ನ ಕ್ಯಾಬಿನ್ನಿಗೆ ಬಂದು ಬಾಗಿಲಲ್ಲೇ ನಿಂತರು.

"ಏನ್ರಿ ಲೆಕ್ಕದ ಸಾಹೇಬ್ರ, ನನ್ ಬೆಡ್ಡು ಕುಸಿದೈತಂತ?"

"ಅಳತೆ ಹಂಗೆ ಹೇಳ್ತೈತೆ ಕೊಟ್ರಬಸಪ್ಪೋರೆ. ನಾನೇನ್ ಮಾಡ್ಲಿ?"

"ಎರೆಮಣ್ಣೆಲ್ಲಾ ತೆಗ್ಸಿ ಬಂಡೀಗಲ್ ಮ್ಯಾಲ ಕುಂದ್ರಿಸೀನ್ರಿ. ನಿಮ್ಮ ಹಾಳಿ ಕುಸೀಬೌದು, ಬೆಡ್ಡು ಕುಸಿಯಂಗಿಲ್ಲ."

ಎರಕ ನಿಂತಿತು. ಬುಡ ಪರೀಕ್ಷಿಸಲು ಬೆಡ್ಡಿನ ಪಕ್ಕ ಗುಂಡಿ ತೋಡಿಸಿದರು. ಕೊಟ್ರಬಸಪ್ಪ ದಿನವಿಡೀ ಗುಂಡಿಯ ಅಂಚಿನಲ್ಲಿ ಕುಳಿತಿರುತ್ತಿದ್ದರು. ನರಸಿಂಹಯ್ಯನವರು ಹನ್ನೆರಡು, ಹದಿಮೂರನ್ನು ಒಡೆಯಲು ಬ್ರೇಕರ್ ಮಷೀನಿಗೆ ಹೇಳಿಕಳಿಸಿದರು.

ಮೂರನೆಯ ದಿನ ನಾನೂ ಕೃಷ್ಣವೇಣಿಯೂ ಸೆಗ್ಮೆಂಟುಗಳನ್ನು ಸಾಲಾಗಿ ಇಟ್ಟಿದ್ದ ಬಯಲಿನಲ್ಲಿ ಬೋಲ್ಟುಗಳನ್ನು ಪರೀಕ್ಷಿಸುತ್ತ ಹೋಗುತ್ತಿದ್ದೆವು. ಅಲ್ಲಿ ಪೇಂಟರ್ ಸುಂಕಪ್ಪ ಹನ್ನೊಂದನೆಯದರ ಒಂದು ಪಕ್ಕೆಗೆ 'ಎಡ' ಎಂದು ಬರೆಯುತ್ತಿದ್ದ.

"ಸುಂಕಣ್ಣ, ನೆಟ್ಟಗ ನೋಡಿ ಬರಿಯಣ್ಣ. ಅದು ಬಲ" ಎಂದಳು ಆಕೆ.

ಸುಂಕಪ್ಪ ಕುಂಚ ಎತ್ತಿ ನಕ್ಕ. "ಹತ್ತು ಸೆಗ್ಮೆಂಟಿಗೂ ಇದಾ ಕಡೀಗ್ ಎಡ ಬರ್ದೀನವ್ವ. ಪ್ಯಾಂಟ್ ಬಿಟ್ ಬಂದ್ ಮ್ಯಾಗ ಕೈನೂ ಮರ್ತಿ ಏನು?"

ಆಕೆ ನಗಲಿಲ್ಲ. ಹಿಂದಿನ ಹತ್ತನ್ನೂ ಒಂದೊಂದಾಗಿ ನೋಡಿಕೊಂಡು ಸಾಲಿನ ಕೊನೆಯವರೆಗೂ ಹೋಗಿ ಬಂದಳು. ಬರುವಾಗ ಮುಖದ ಬಣ್ಣವೇ ಬೇರೆಯಾಗಿತ್ತು.

"ಸಾರ, ಪ್ಯಾಂಟಿನ ಎಡಗಾಲು ಯಾವ್ದ್ರಿ?"

"ಎಡಗಡೆ ಇರೋದು ಕಣಮ್ಮ. ಯಾಕೆ?"

"ಯಾರ ಎಡಗಡೆ?"

ನಾನು ನನ್ನ ಎರಡೂ ಕೈ ನೋಡಿಕೊಂಡೆ.

"ಮೇಜಿನ್ ಮ್ಯಾಲ ಪ್ಯಾಂಟ್ ಹಾಸಿದ್ರ ನಮ್ ಬಲಗೈ ಕಡೀಗ್ ಬರೋದು ಎಡಗಾಲ್ರಿ. ತೊಟ್ಕೊಂಡವರ ಎಡ ಅದು. ಬೆಂಗಳೂರಾಗ ಮೊದಲ್ನೇ ದಿನ ಇದನ್ನಾ ಕಲಿಸ್ತಾರ. ಉಲ್ಟಾ ಬರದ್ರ ಲೈನ್ ಸೂಪರ್‌ವೈಸರು ಹಾಳಿ ಮುಖಕ್ಕ ಒಗೀತಿದ್ದ." ಆಕೆ ಸೆಗ್ಮೆಂಟಿನ ಮುಖದ ಮೇಲೆ ಅಂಗೈ ಇಟ್ಟಳು. "ಇದು ನನ್ನ ಎದುರಿಗ್ ಮುಖ ಮಾಡಿ ನಿಂತಿರ್ತೈತಿ. ಇದರ ಎಡ ನನ್ನ ಬಲ. ಹಂಗಂತ ತಿಳ್ಕೊಂಡು ಬರ್ದೀನ್ರಿ. ಹನ್ನೊಂದು, ಹನ್ನೆರಡು, ಹದಿಮೂರು, ಮೂರೂ ಉಲ್ಟಾ."

ಒಂದು ಕ್ಷಣದಲ್ಲಿ ಎಲ್ಲ ಅಂಕಿಗಳೂ ತಮ್ಮ ಜಾಗಕ್ಕೆ ಬಂದು ಕೂತವು. ಎತ್ತರವಾಗಿದ್ದುದು ಎಡಬದಿ. ನಾನು ಬಲವನ್ನು ಇಳಿಸಿದಾಗಲೆಲ್ಲ ಎಡ ಇನ್ನಷ್ಟು ಎತ್ತರವಾಗಿತ್ತು. ಎರಡು, ಐದು, ಹನ್ನೊಂದು: ಪ್ರತಿ ಸಲವೂ ಇಮ್ಮಡಿ, ಮೇಲೊಂದು. ಬೆಡ್ಡು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ನನಗೆ ಬಂದ ಮೊದಲ ಯೋಚನೆಯನ್ನು ಇಲ್ಲಿ ಬಚ್ಚಿಡುವುದಿಲ್ಲ. "ಯಾರ್ಗೂ ಹೇಳ್ಬೇಡ ಕೃಷ್ಣವೇಣಿ. ದಿಕ್ಕು ಗೊತ್ತಾಯ್ತಲ್ಲ. ಬೆಡ್ಡಿಗೆ ಏನೋ ರಿಪೇರಿ ಮಾಡ್ದಂಗೆ ಮಾಡಿ, ಮುಂದಿಂದ್ರಾಗೆ ನಾನು ಸರಿ ಮಾಡ್ಕಂತೀನಿ" ಎಂದೆ.

"ಕೊಟ್ರಬಸಪ್ಪಣ್ಣ ಮೂರು ದಿನದಿಂದ ಆ ಗುಂಡಿ ದಂಡಿ ಮ್ಯಾಲ ಕುಂತಾನ್ರಿ."

ಅಷ್ಟೇ ಹೇಳಿ ಆಕೆ ಆಫೀಸಿನ ಕಡೆ ನಡೆದಳು. ನಾನು ಹಿಂದೆ ಓಡಿದೆ.

ನರಸಿಂಹಯ್ಯನವರ ಮುಂದೆ ಆಕೆ ನಿಂತು ಹೇಳಿದ ರೀತಿಯಲ್ಲಿ ಅಳುವಾಗಲಿ ಬೇಡಿಕೆಯಾಗಲಿ ಇರಲಿಲ್ಲ. ಅವರ ಮೇಜಿನ ಮೇಲಿದ್ದ ಟವೆಲ್ಲನ್ನು ಎರಡು ಕಾಲಿನಂತೆ ಮಡಿಸಿ ತೋರಿಸಿದಳು. ಕೇಳಿ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಏನಪ್ಪಾ, ನಾನು ಹೇಳಿರಲಿಲ್ವಾ?"

"ಸಾರ್, ಹಾಳೆ ಮಾಡಿದ್ದು ನಾನು. ದುರ್ಬೀನಿನ ಹಿಂದೆ ನಿಂತೋರ ಎಡಗೈ ಕಡೆ ಎಡ ಅಂತ ಅದರಾಗೆ ಎಲ್ಲೂ ಬರ್ದಿಲ್ಲ. ಬಾಯಲ್ಲೂ ಹೇಳ್ಲಿಲ್ಲ. ನಮಗೆಲ್ಲಾ ಗೊತ್ತಿರೋದು ಅಂತ ಬಿಟ್ಬಿಟ್ಟೆ. ಆಕೆ ಓದಿರೋ ಒಂದು ಅಂಕಿನೂ ತಪ್ಪಿಲ್ಲ. ಬೆಡ್ಡು ಕುಸಿದೈತೆ ಅಂತ ಬರ್ದಿದ್ದೂ ನಾನೇ."

ಕರೆಸಿಕೊಂಡಿದ್ದ ಕೊಟ್ರಬಸಪ್ಪ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹಂಗಾರ ಆ ಗುಂಡಿ ಯಾರು ಮುಚ್ಚೋರು?" ಎಂದರು. ಅದು ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ.

ನಾನು ಕಾಗದ ಹರಡಿ ಲೆಕ್ಕ ತೋರಿಸಿದೆ. ಈಗ ಎಡ ಹನ್ನೊಂದು ಎತ್ತರ. ಇನ್ನು ಐದು ಸೆಗ್ಮೆಂಟು ಬಾಕಿ. ಒಂದೊಂದರಲ್ಲಿ ಮೂರು ಮಿಲಿಮೀಟರ್ ಹಿಂದಕ್ಕೆ ತಂದರೆ ತೋಳಿನ ತುದಿಗೆ ಹೋಗುವಷ್ಟರಲ್ಲಿ ಮಟ್ಟ ಸಿಗುತ್ತದೆ. ಒಂದನ್ನೂ ಒಡೆಯಬೇಕಿಲ್ಲ.

"ಮೂರು ವಾಲಿಸಿದ್ರೆ ಅಚ್ಚಿನ ಸಂದೀಲಿ ಹಾಲು ಸೋರ್ತದೆ. ಅಂಚು ಪೊಳ್ಳಾಗ್ತದೆ" ಎಂದರು ನರಸಿಂಹಯ್ಯ. ಹಾಲು ಎಂದರೆ ಸಿಮೆಂಟಿನ ತಿಳಿ. ಅವರು ಹೇಳಿದ್ದು ನಿಜವೇ ಆಗಿತ್ತು. ಎರಡರವರೆಗೆ ಫೋಮ್ ಪಟ್ಟಿ ತಡೆಯುತ್ತಿತ್ತು, ಮೂರಕ್ಕೆ ತಡೆಯುತ್ತಿರಲಿಲ್ಲ. ಐದು ಇಳಿಸಿ ಹೊಯ್ದಿದ್ದ ಹದಿಮೂರನೆಯದರ ಅಂಚಿನಲ್ಲಿ ಪೊಳ್ಳು ಬಿದ್ದು ಗಾರೆಯಿಂದ ತುಂಬಿಸಬೇಕಾಗಿತ್ತು.

"ಆ ಸಂದಿ ನಾವ್ ಮುಚ್ತೀವ್ರಿ" ಎಂದಳು ಕೃಷ್ಣವೇಣಿ.

ನರಸಿಂಹಯ್ಯನವರು ಮಡಿಸಿದ ಟವೆಲ್ಲನ್ನು ಬಿಡಿಸಿ ಮೇಜಿನ ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ಹದಿನಾಲ್ಕನೇದು ಒಂದೇ ಒಂದು ಹೊಯ್ಯಿರಿ. ಬೆಳಗಿನ ಅಳತೇಲಿ ಹನ್ನೊಂದಿದ್ದ ಎತ್ತರ ಎಂಟಕ್ಕೆ ಇಳಿದಿರಬೇಕು. ಅಂಚು ಪೊಳ್ಳಿರಬಾರದು. ಇಲ್ಲಾಂದ್ರೆ ಹನ್ನೆರಡು, ಹದಿಮೂರು, ಹದಿನಾಲ್ಕು ಮೂರೂ ಒಡೀತೀನಿ. ನೀವು ನಾಲ್ಕೂ ಜನ ಆವತ್ತೇ ಹೊರಡೋದು."

ಆ ದಿನ ಮಧ್ಯಾಹ್ನ ನಾಲ್ವರೂ ಶೇರ್ ಆಟೋದಲ್ಲಿ ರಾಯದುರ್ಗಕ್ಕೆ ಹೋಗಿ ಮೂರು ಮೂಟೆ ಜೀನ್ಸಿನ ಕಟಿಂಗ್ ಚೂರು ತಂದರು. ಊರಿನ ಯಾವ ಯೂನಿಟ್ಟಿನ ಹಿಂದೆ ನೋಡಿದರೂ ಗುಡ್ಡೆಯಾಗಿ ಬಿದ್ದಿರುತ್ತಿದ್ದ ವಸ್ತು ಅದು. ಒಂದೊಂದು ಚೂರನ್ನು ಉದ್ದಕ್ಕೆ ಸೀಳಿ, ನಾಲ್ಕು ಪದರ ಮಡಿಸಿ, ಗ್ರೀಸಿನಲ್ಲಿ ಅದ್ದಿ, ಅಚ್ಚಿನ ತಗಡು ಹಳೆಯ ಸೆಗ್ಮೆಂಟಿಗೆ ತಾಗುವ ಸಂದಿಯುದ್ದಕ್ಕೂ ಬೆರಳಿನಿಂದ ಒತ್ತಿ ಕೂರಿಸಿದರು. ದಪ್ಪ ಎಲ್ಲಿ ಬೇಕು, ತೆಳು ಎಲ್ಲಿ ಸಾಕು ಎಂಬುದು ಬೆರಳಿಗೇ ಗೊತ್ತಾಗುತ್ತಿತ್ತು. ಅಂಚಿನ ಗೆರೆ ತಪ್ಪಿದ ಒಂದು ಜಾಗವನ್ನು ಕೃಷ್ಣವೇಣಿ ಕಿತ್ತು ಮತ್ತೆ ಹಾಕಿಸಿದಳು.

ಕೊಟ್ರಬಸಪ್ಪ ಸುತ್ತ ಒಂದು ಸಲ ತಿರುಗಿ ನೋಡಿದರು. "ಏನವ್ವಾ, ಬ್ರಿಜ್ಜಿಗೂ ಪ್ಯಾಂಟ್ ತೊಡಿಸಿಬಿಟ್ರಿ?"

"ನಡ ಬಿಗಿ ಆತೇನ್ ನೋಡ್ರಣ್ಣ" ಎಂದಳು ಅವರಲ್ಲೊಬ್ಬಳು. ಕೊಟ್ರಬಸಪ್ಪ ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. ಆಮೇಲೆ ಹಳೆಯ ಸೆಗ್ಮೆಂಟನ್ನು ವಾಲಿಸುವ ಜಾಕಿಯ ಹಿಡಿ ಹಿಡಿದು ಅವರೇ ಕುಳಿತರು. ನಾನು ದುರ್ಬೀನಿನಿಂದ ಕೂಗುತ್ತಿದ್ದೆ, ಅವರು ಹಿಡಿಯನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತಿದ್ದರು. ಹಳೆಯ ಸೆಗ್ಮೆಂಟು ಮೂರು ಮಿಲಿಮೀಟರಿಗೆ ಸರಿಯಾಗಿ ನಿಂತಿತು.

ಅಳತೆ ಹಾಳೆಯನ್ನು ಕೃಷ್ಣವೇಣಿಯೇ ಹೊಸದಾಗಿ ಗೀಚಿದಳು. ಎಡ, ಬಲ ಎಂಬ ಕಾಲಮ್ಮುಗಳನ್ನೇ ತೆಗೆದುಹಾಕಿ 'ಬೆಟ್ಟದ ಬದಿ', 'ರಸ್ತೆ ಬದಿ' ಎಂದು ಬರೆದಳು. ಬೆಡ್ಡಿನ ಯಾವ ಕಡೆಯನ್ನು ನಾನು ಎಡ ಎನ್ನುತ್ತಿದ್ದೆನೋ ಅತ್ತ ರಾಯದುರ್ಗದ ಬೆಟ್ಟ ಕಾಣುತ್ತಿತ್ತು, ಇನ್ನೊಂದು ಕಡೆಗೆ ಟಾರು ರಸ್ತೆ. ಯಾರು ಯಾವ ಕಡೆ ಮುಖ ಮಾಡಿ ನಿಂತರೂ ಅವು ಅದಲುಬದಲಾಗುವಂತಿರಲಿಲ್ಲ. ಜೊತೆಗೆ ಇನ್ನೊಂದು ನಿಯಮ ತಂದಳು. ಇಬ್ಬರು ಬೇರೆಬೇರೆಯಾಗಿ ಓದಬೇಕು. ಒಬ್ಬಳ ಹಾಳೆಯನ್ನು ಇನ್ನೊಬ್ಬಳು ನೋಡಕೂಡದು. ಎರಡನ್ನೂ ಮಡಿಸಿ ನನ್ನ ಕೈಗೆ ಕೊಡಬೇಕು. ರಫ್ತಿನ ಮಾಲಿಗೆ ಗಾರ್ಮೆಂಟಿನಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಇದನ್ನು ನನ್ನ ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ. ಅಥವಾ ಕಲಿಸಿದ್ದನ್ನು ನಾನು ಪರೀಕ್ಷೆಗೆ ಬರೆದು ಮರೆತಿದ್ದೆ.

ಮಾರನೆಯ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಮೊದಲ ಬೆಡ್ಡನ್ನು ಬಿಟ್ಟು ಎರಡನೆಯದಕ್ಕೇ ಬಂದೆ. ನರಸಿಂಹಯ್ಯನವರೂ ಬಂದಿದ್ದರು, ಕೈಯಲ್ಲಿ ಟೀ ಲೋಟ. ಅಚ್ಚು ಬಿಚ್ಚಿದಾಗ ಅಂಚಿನಲ್ಲಿ ಜೀನ್ಸಿನ ನೇಯ್ಗೆಯ ಗುರುತು ಮೂಡಿತ್ತು. ಪೊಳ್ಳು ಬೆರಳಗಲವೂ ಇರಲಿಲ್ಲ. ಕೃಷ್ಣವೇಣಿ ಓದಿ ಕೆಳಗಿಳಿದಳು. ಇನ್ನೊಬ್ಬಳು ಹತ್ತಿ ಓದಿ ಇಳಿದಳು. ಎರಡು ಮಡಿಸಿದ ಹಾಳೆಗಳು ನನ್ನ ಕೈಗೆ ಬಂದವು. ಮೊದಲನೆಯದನ್ನು ಬಿಡಿಸಿದೆ. ಬೆಟ್ಟದ ಬದಿ ಎಂಟು ಎತ್ತರ. ಎರಡನೆಯದನ್ನು ಬಿಡಿಸಿದೆ. ಎಂಟು.

ಹಾಳೆಗಳನ್ನು ನರಸಿಂಹಯ್ಯನವರಿಗೆ ಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಲೋಟದ ಟೀ ಮುಗಿಸಿ, ಫೋನಿನಲ್ಲಿ ಬ್ರೇಕರ್ ಮಷೀನಿನವನಿಗೆ ಬರಬೇಡ ಎಂದರು.

ಹದಿನೈದಕ್ಕೆ ಐದಾಯಿತು. ಹದಿನಾರಕ್ಕೆ ಎರಡು. ಹದಿನೇಳಕ್ಕೆ ಸೊನ್ನೆ. ಹದಿನೆಂಟನೆಯದು ಒಂದು ಮಿಲಿಮೀಟರ್ ವಾಲಿತು. ಅದನ್ನು ತಿದ್ದಲು ಮುಂದೆ ಸೆಗ್ಮೆಂಟು ಇರಲಿಲ್ಲ, ತಿದ್ದುವ ಅಗತ್ಯವೂ ಇರಲಿಲ್ಲ. ನಡುನಡುವೆ ಜಗಳ ಇಲ್ಲದಿರಲಿಲ್ಲ. ಒಂದು ದಿನ ಎರಡು ಹಾಳೆಗಳಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಬಂದು ಇಬ್ಬರು ಹೆಂಗಸರೂ ತಮ್ಮದೇ ಸರಿಯೆಂದು ಹಟ ಹಿಡಿದರು. ಕೊನೆಗೆ ನೋಡಿದರೆ ಬೋಲ್ಟಿನ ತಲೆಗೆ ಲೇಪದ ಸೋಪು ಮೆತ್ತಿಕೊಂಡಿತ್ತು.

ಯಾರ್ಡಿನಲ್ಲಿ ಗೆದ್ದದ್ದು ಕಾಗದದ ಮೇಲಿನ ಗೆಲುವು. ಹೊಳೆಯ ಮೇಲೆ ತೋಳುಗಳು ಬೆಳೆಯಲು ಇನ್ನೂ ಐದು ತಿಂಗಳು ಹಿಡಿಯಿತು. ಎರಡು ತುದಿಗಳ ನಡುವೆ ಎರಡು ಮೀಟರ್ ಸಂದು ಉಳಿದಾಗ, ಅದನ್ನು ಹೊಯ್ದು ಮುಚ್ಚುವ ಮೊದಲು ಕೊನೆಯ ಅಳತೆಗೆ ಎಲ್ಲರೂ ಮೇಲೆ ಹತ್ತಿದೆವು. ತೋಳುಗಳು ಒಂದಕ್ಕೊಂದು ಸೇರದಿದ್ದರೆ ಬಲವಂತವಾಗಿ ಒತ್ತಿ ಮಟ್ಟಕ್ಕೆ ತರಲು ಭಾರಿ ತೊಲೆಗಳನ್ನೂ ನೂರು ಟನ್ನಿನ ಜಾಕಿಗಳನ್ನೂ ತರಿಸಿಟ್ಟಿದ್ದರು. ಅವನ್ನು ಬಳಸುವುದು ಈ ಕಸುಬಿನಲ್ಲಿ ಅವಮಾನವೇನಲ್ಲ. ಹೆಚ್ಚಿನ ಕಡೆ ಬಳಸುತ್ತಾರೆ.

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಕೆಳಗೆ ಹಗರಿಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಾಣುತ್ತಿತ್ತು. ನಾನು ದುರ್ಬೀನಿನ ಬಳಿ ಹೋಗುತ್ತಿದ್ದಂತೆ ನರಸಿಂಹಯ್ಯನವರು, "ನೀನಲ್ಲಪ್ಪಾ. ಆಯಮ್ಮ ಓದಲಿ" ಎಂದರು.

ಕೃಷ್ಣವೇಣಿ ಓದಿದಳು. ಒಬ್ಬೊಬ್ಬರಾಗಿ ಉಳಿದ ಮೂವರೂ ಓದಿದರು. ಮಡಿಸಿದ ನಾಲ್ಕು ಹಾಳೆಗಳು ಈ ಸಲ ನೇರವಾಗಿ ನರಸಿಂಹಯ್ಯನವರ ಕೈಗೆ ಹೋದವು. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಬಿಡಿಸಿದರು. ಎರಡು ತುದಿಗಳ ಎತ್ತರದಲ್ಲಿ ವ್ಯತ್ಯಾಸ ನಾಲ್ಕು ಮಿಲಿಮೀಟರ್. ವಾಲುವಿಕೆಯಲ್ಲಿ ಒಂದು. ನಾಲ್ಕೂ ಹಾಳೆಗಳಲ್ಲಿ ಅದೇ ಅಂಕಿ.

"ಕೊಟ್ರಬಸಪ್ಪ" ಎಂದು ಕರೆದರು.

"ಹೇಳ್ರಿ ಸಾಹೇಬ್ರ."

"ಆ ಜಾಕಿಗಳನ್ನೆಲ್ಲಾ ವಾಪಸ್ ಲಾರಿಗೆ ಹಾಕಿಸ್ಬಿಡು."

ಕೊಟ್ರಬಸಪ್ಪ ತಲೆಯ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದರು. ಆಚೆ ತೋಳಿನ ಮೇಲಿದ್ದ ಆಳುಗಳು ಸುದ್ದಿ ಕೇಳದೆಯೇ ಅರ್ಥ ಮಾಡಿಕೊಂಡು ಕೂಗೆಬ್ಬಿಸಿದರು. ಕೂಗು ಹೊಳೆಯ ಎರಡೂ ದಂಡೆಗೆ ಬಡಿದು ತಿರುಗಿ ಬಂತು. ನನ್ನ ಕಣ್ಣು ಮಂಜಾಗಿತ್ತು. ಯಾರಾದರೂ ನೋಡಿಯಾರೆಂದು ದುರ್ಬೀನಿನ ಗಾಜು ಒರೆಸುವವನಂತೆ ಬಗ್ಗಿದೆ.

"ಮುಂದಿನ ಸೇತುವೆ ಇಲ್ಲೇ ಇದೇ ಯಾರ್ಡಿಗೆ ಬಂದಿದೆಯಮ್ಮ, ಎರಡು ವರ್ಷದ ಕೆಲಸ" ಎಂದರು ನರಸಿಂಹಯ್ಯ. "ಅಳತೆ ಪೂರ್ತಿ ನಿನ್ನದು. ಎಷ್ಟು ಜನ ಬೇಕು?"

"ಎರಡ್ ಬೆಡ್ಡಿಗೆ ಎಂಟ್ ಜನ ಬೇಕ್ರಿ."

"ಎಂಟಾ? ನಾಲ್ಕರಲ್ಲಿ ಆಗಲ್ವಾ?"

"ಎರಡೆರಡ್ ಸಲ ಓದಬೇಕಲ್ರಿ" ಎಂದಳು, ಚೌಕಾಸಿಗೆ ಎಡೆಯಿಲ್ಲದ ದನಿಯಲ್ಲಿ. ಅವರು ನಕ್ಕು ಒಪ್ಪಿಕೊಂಡರು.

ಸಂದಿನ ಮೇಲೆ ಆಳುಗಳು ಎರಡು ಹಲಗೆ ಹಾಸಿ, ಪಕ್ಕಕ್ಕೆ ಹಗ್ಗ ಬಿಗಿದರು. ದಾಟಲು ಎಲ್ಲರೂ ಮುಂದೆ ಬಂದರು, ಆದರೆ ಯಾರು ಮೊದಲು ಎಂದು ಒಂದು ಗಳಿಗೆ ತಡೆದು ನಿಂತರು. ಕೊಟ್ರಬಸಪ್ಪ ತೋಳು ಅಡ್ಡ ಹಿಡಿದು ಗಂಡಸರನ್ನೆಲ್ಲ ಹಿಂದಕ್ಕೆ ಸರಿಸಿದರು. "ನಡ್ರೆವ್ವ" ಎಂದರು.

ಕೃಷ್ಣವೇಣಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹಲಗೆಯ ಮೇಲೆ ಕಾಲಿಟ್ಟಳು. ಕೆಳಗೆ ನೋಡಲಿಲ್ಲ. ಹಿಂದೆಯೇ ಮೂವರು, ಒಬ್ಬರ ಹೆಗಲಿನ ಮೇಲೆ ಒಬ್ಬರು ಕೈಯಿಟ್ಟುಕೊಂಡು, ಏನೋ ಹೇಳಿ ಜೋರಾಗಿ ನಗುತ್ತ ಹೋದರು. ಆಚೆಯ ತೋಳನ್ನು ಮುಟ್ಟಿದ ಮೇಲೂ ಅವರು ನಿಲ್ಲಲಿಲ್ಲ, ದಡದವರೆಗೂ ನಡೆದುಕೊಂಡೇ ಹೋದರು. ಹೊಳೆಯನ್ನು ಆ ಸೇತುವೆಯ ಮೇಲೆ ಮೊದಲು ದಾಟಿದವರು ಅವರು ನಾಲ್ವರು.